ದ್ವಿದಲ ವಿಚಾರ: ನಿಷೇಧದ ಹೇತುವೂ ಜೀರ್ಣದ ಹೇತುವೂ

ಕಾಯಿಸದ ಗೋರಸದೊಡನೆ ಬೆರೆತ ದ್ವಿದಲ ಧಾನ್ಯವು ಶ್ರಾವಕನಿಗೆ ಅಭಕ್ಷ್ಯವೆಂಬುದು ಪಂಡಿತರಿಗೆ ವಿದಿತವಾದ ವಿಷಯ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಹದಿಮೂರನೆಯ ಶತಮಾನದ ಆಶಾಧರರ ಸಾಗಾರಧರ್ಮಾಮೃತವೂ ಇದನ್ನು ಸ್ಪಷ್ಟವಾಗಿ ವಿಧಿಸುತ್ತವೆ. ಮಳೆಗಾಲದಲ್ಲಿ ಒಡೆಯದ ಇಡಿಗಾಳನ್ನೂ ಆಶಾಧರರು ವರ್ಜಿಸಿದ್ದಾರೆ. ಈ ವಿಧಿಗಳು ಜೀರ್ಣಶಕ್ತಿಯನ್ನು ಕುರಿತವು, ಪೂರ್ವಾಚಾರ್ಯರು ಇಂದಿನ ವಿಜ್ಞಾನವನ್ನು ಅಂದೇ ಬಲ್ಲವರಾಗಿದ್ದರು ಎಂಬ ಸಮನ್ವಯದ ಮಾತು ಆಗಾಗ ಕೇಳಿಬರುತ್ತದೆ. ಗ್ರಂಥಗಳು ಇದಕ್ಕೆ ಒಪ್ಪುವುವೇ ಎಂಬುದು ವಿಚಾರಾರ್ಹ.

ಸಾಮಾನ್ಯವಾದ ಬೇಳೆಕಾಳುಗಳಲ್ಲಿ ನೂರಕ್ಕೆ 20ರಿಂದ 25 ಭಾಗ ಪ್ರೋಟೀನು ಇರುತ್ತದೆ. ಬಹುಪಾಲು ಮೊಳಕೆಯ ಪೋಷಣೆಗಾಗಿ ಕೂಡಿಟ್ಟದ್ದು. ಅದರೊಡನೆ ಇನ್ನೆರಡು ಬಗೆಯವೂ ಉಂಟು: ಒಂದು, ಕರುಳಿನಲ್ಲಿ ಆಹಾರವನ್ನು ಜೀರ್ಣಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಯುವುದು, ಇನ್ನೊಂದು, ಜೀವಕೋಶಗಳ ಮೇಲಣ ಸಕ್ಕರೆಯ ಅಂಶಗಳಿಗೆ ಅಂಟಿಕೊಳ್ಳುವ ಲೆಕ್ಟಿನ್. ಹುರುಳಿಯ ಸಾರವು ರಕ್ತಕಣಗಳನ್ನು ಗುಂಪನ್ನನುಸರಿಸಿ ಗಂಟುಗೂಡಿಸುವುದೆಂದು ಬರ್ಡ್ ಎಂಬ ವಿದ್ವಾಂಸರು 1951ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯವರು ನೆಲಗಡಲೆಯ ಲೆಕ್ಟಿನ್ನಿನ ರಚನೆಯನ್ನು 1994ರಲ್ಲಿ ಪ್ರಕಟಿಸಿದರು. ಕಾಳನ್ನು ನೆನೆಸಿ ಚೆನ್ನಾಗಿ ಬೇಯಿಸಿದಾಗ ಈ ಎರಡರ ಬಲವೂ ಬಹುಮಟ್ಟಿಗೆ ಕುಂದುತ್ತದೆ.

ಅಲರ್ಜಿಯೆಂಬ ಒಗ್ಗದಿಕೆ ಬೇರೆಯದೇ ವಿಷಯ. ಅಲ್ಲಿ ಶರೀರದ ರಕ್ಷಣಾವ್ಯವಸ್ಥೆಯು ಆಹಾರದ ಪ್ರೋಟೀನನ್ನೇ ಶತ್ರುವೆಂದು ಬಗೆಯುತ್ತದೆ. ನೆಲಗಡಲೆಯ ಇಂಥ ಕೆಲವು ಪ್ರೋಟೀನುಗಳು ಬೆಂಕಿಗೂ ಜಠರರಸಕ್ಕೂ ಬಗ್ಗುವುದಿಲ್ಲ. ಕಡಲೆ, ಮಸೂರಗಳೂ ಕೆಲವರಿಗೆ ಒಗ್ಗುವುದಿಲ್ಲ. ಹಸಿಕಾಳಿನ ದುರ್ಜರತೆ ಎಲ್ಲರಿಗೂ ಸಮಾನ. ಒಗ್ಗದಿಕೆ ವ್ಯಕ್ತಿವಿಶೇಷಕ್ಕೆ ಸೇರಿದ್ದು.

ವಿಜ್ಞಾನವು ತೋರಿಸುವ ದುರ್ಜರತೆಯ ದೋಷ ಹಸಿಯ ಕಾಳಿನದು; ಬೇಯಿಸಿದರೆ ಅದು ಬಹುಪಾಲು ಕಳೆಯುತ್ತದೆ. ಶ್ರಾವಕಾಚಾರವು ಹೇಳುವ ದೋಷ ಹಸಿಯ ಗೋರಸದ ಸಂಪರ್ಕದ್ದು. ಕಾಳು ಬೆಂದಿದ್ದರೂ ಅದು ಕಳೆಯದು. ಹೇಮಚಂದ್ರರು ಕೊಡುವ ಹೇತು ಕೇವಲಿಗಳು ಕಂಡ ಸೂಕ್ಷ್ಮಜಂತುಗಳು, ಅರ್ಥಾತ್ ಅಹಿಂಸೆ. ಆ ವ್ರತಕ್ಕೆ ಜೀರ್ಣಶಾಸ್ತ್ರದ ಊರುಗೋಲು ಬೇಕಿಲ್ಲ. ಊರುಗೋಲು ಕೊಟ್ಟರೆ, ನಾಳೆ ಪ್ರಯೋಗದ ಫಲ ಬದಲಾದಾಗ ವ್ರತವೂ ಅಲುಗೀತು. ಜೀರ್ಣದ ವಿಚಾರಕ್ಕೆ ವೈದ್ಯಗ್ರಂಥಗಳೇ ಆಧಾರ. ಹೆಸರು ಲಘು, ಉದ್ದು ಗುರು ಎಂಬ ವೈದ್ಯಪರಂಪರೆಯ ಮಾತು ಅನುಭವಮೂಲವಾದುದು. ಮದ್ಯ ಮಾಂಸ ಮಧುಗಳನ್ನು ತ್ಯಜಿಸಿ ವೈದ್ಯವನ್ನು ನಿರೂಪಿಸಿದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕದಂಥ ಕೃತಿಗಳನ್ನು ಓದುವಾಗಲೂ ‘ಗುರು’ ಎಂಬುದನ್ನು ‘ಪ್ರೋಟೀನು ಹೆಚ್ಚುಳ್ಳದ್ದು’ ಎಂದು ಅನುವಾದಿಸುವುದು ಸಲ್ಲದು.

ಹಸ್ತಪ್ರತಿ ಸಂಪಾದಕರು ಇದರಿಂದ ಗಮನಿಸಬೇಕಾದ ಅಂಶಗಳು ಮೂರು. ನೆಲಗಡಲೆ ದಕ್ಷಿಣ ಅಮೆರಿಕದ್ದು, ಪೋರ್ಚುಗೀಸರು ಬಂದ ಬಳಿಕ ನಮ್ಮಲ್ಲಿ ನೆಲೆಸಿದ್ದು. ಹದಿನಾರನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನ ಸೂಪಶಾಸ್ತ್ರದ ಪ್ರತಿಯೊಂದರಲ್ಲಿ ಅದರ ಹೆಸರು ಕಂಡರೆ ಪ್ರಕ್ಷೇಪವೆಂದು ಶಂಕಿಸಬೇಕು. ಎರಡನೆಯದಾಗಿ, ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ 3 ಮತ್ತು 4ನೆಯ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ಹೂಬಿಡುತ್ತವೆ. ಹಳೆಯ ಅವರೆಯಾದರೋ ಹಗಲು ಕಿರಿದಾದಾಗ ಮಾತ್ರ ಹೂಬಿಟ್ಟು ಚಳಿಗಾಲದಲ್ಲಿ ಕಾಯುವುದು. ಇಂದಿನ ವರ್ಷಪೂರ್ತಿಯ ಅವರೆಯನ್ನು ಹಳೆಯ ಪಾಠಗಳ ಮೇಲೆ ಆರೋಪಿಸಬಾರದು. ಮೂರನೆಯದು ನಾಮನಿರ್ಣಯ. ಬರ್ಡ್ ಅವರು ಡಾಲಿಕಸ್ ಬೈಫ್ಲೋರಸ್ ಎಂದು ಕರೆದ ಹುರುಳಿಗೆ ಸಸ್ಯಶಾಸ್ತ್ರಜ್ಞರು ಈಗ ಮ್ಯಾಕ್ರೊಟೈಲೋಮಾ ಯೂನಿಫ್ಲೋರಮ್ ಎನ್ನುತ್ತಾರೆ. ಶಾಸ್ತ್ರೀಯ ನಾಮ ಬದಲಾದರೂ ಕುಲತ್ಥವೆಂಬ ಸಂಸ್ಕೃತ ನಾಮವೂ ಹುರುಳಿಯೆಂಬ ದೇಶ್ಯವೂ ಉಳಿದಿವೆ. ಆದುದರಿಂದ ಟಿಪ್ಪಣಿಯಲ್ಲಿ ಮೊದಲು ಗ್ರಂಥದ ಶಬ್ದ, ಅನಂತರ ಕನ್ನಡದ ರೂಢಿ, ಕಡೆಯಲ್ಲಿ ಸಸ್ಯನಾಮ ಎಂಬ ಕ್ರಮವೇ ಯುಕ್ತ. ಪ್ರತಿಯಲ್ಲಿ ಇರುವ ಹೇತುವನ್ನು ಇದ್ದಂತೆಯೇ ಉಳಿಸುವುದು ಆಚಾರ್ಯರಿಗೂ ವಿಜ್ಞಾನಕ್ಕೂ ಸಮಾನವಾಗಿ ಸಲ್ಲುವ ಗೌರವ.