ಹೊಸೂರು ರಸ್ತೆಯಲ್ಲಿ ಪಿಂಚಣಿಯ ಮನೆ

ಬೆಂಗಳೂರನ್ನು 'ಪಿಂಚಣಿದಾರರ ಸ್ವರ್ಗ' ಎಂದು ಕರೆಯುತ್ತಿದ್ದ ಕಾಲವನ್ನು ನೆನೆದು ನಿಟ್ಟುಸಿರು ಬಿಡುವವರು ಈಗಲೂ ಇದ್ದಾರೆ. ಆ ಸ್ವರ್ಗ ಯಾರಿಗಿತ್ತು, ಯಾವ ಕಾರಣಕ್ಕಿತ್ತು ಎಂದು ಕೇಳುವವರು ಕಡಿಮೆ. ನಿವೃತ್ತಿಯ ದುಡ್ಡು ಕೈಗೆ ಬಂದ ಮೇಲೆ ಚಂದಾಪುರ, ಬೊಮ್ಮಸಂದ್ರ, ಅತ್ತಿಬೆಲೆ ಕಡೆ ಮನೆ ನೋಡಲು ಹೊರಡುವವರಿಗೆ ಈ ಪ್ರಶ್ನೆ ಬರೀ ಚರಿತ್ರೆಯದಲ್ಲ. ಜೀವಮಾನದ ಉಳಿತಾಯ ಅದರ ಮೇಲೆ ನಿಂತಿರುತ್ತದೆ.

ಮೊದಲು ನಮ್ಮ ಹಳ್ಳಿಮನೆಯನ್ನೇ ನೋಡೋಣ. ಆನೇಕಲ್ ಸೀಮೆಯ ಹಳೆಯ ಮನೆಗಳಲ್ಲಿ ವಯಸ್ಸಾದವರ ಜಾಗ ಜಗಲಿ. ಬೀದಿಯ ಮಾತು ಕಿವಿಗೆ ಬೀಳುತ್ತಿತ್ತು, ಒಳಗಿನ ಊಟ ಕೈಗೆ ಬರುತ್ತಿತ್ತು. ಹಾಗೆಂದು ಆ ಮನೆ ಮುದುಕರಿಗೆ ಸುಲಭವಾಗಿತ್ತು ಎನ್ನಲಾಗದು. ಎತ್ತರದ ಹೊಸಿಲು, ತಗ್ಗಿದ ಬಾಗಿಲು, ಹಿತ್ತಲಿನಲ್ಲಿ ಬಚ್ಚಲು, ಶೌಚಕ್ಕೆ ಬಯಲು. ಇದನ್ನೆಲ್ಲ ದಾಟಿಸುತ್ತಿದ್ದದ್ದು ಜನ. ಕೈ ಹಿಡಿಯಲು ಸೊಸೆ, ನೀರು ಕಾಯಿಸಲು ಮೊಮ್ಮಗಳು ಇದ್ದೇ ಇರುತ್ತಾರೆ ಎಂಬ ಲೆಕ್ಕದಲ್ಲಿ ಆ ಮನೆ ಕಟ್ಟಲಾಗಿತ್ತು. ಮನೆಯ ಕೊರತೆಯನ್ನು ಹೆಂಗಸರ ದುಡಿಮೆ ಮುಚ್ಚುತ್ತಿತ್ತು.

ಪಿಂಚಣಿದಾರರ ಬೆಂಗಳೂರು ಶುರುವಾದದ್ದು ಬೇರೆ ದಾರಿಯಲ್ಲಿ. 1809ರಲ್ಲಿ ದಂಡು ಪ್ರದೇಶ ಬಂತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದರೂ ದಂಡು ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ತಿಂಗಳಿಗೆ ಸರಿಯಾಗಿ ಬರುವ ಪಿಂಚಣಿ, ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ ತಂಪು ಹವೆ, ಸಮೀಪದಲ್ಲೇ ಆಸ್ಪತ್ರೆ, ಚರ್ಚು, ಮಾರುಕಟ್ಟೆ, ಕೆಲಸಕ್ಕೆ ಕಡಿಮೆ ಕೂಲಿಯ ಆಳುಗಳು: ಸ್ವರ್ಗದ ಸಾಮಾನು ಇಷ್ಟೇ. ಈ ಅನುಕೂಲ ಇಲ್ಲದವರಿಗೆ ಬೇರೆ ಆಸರೆ ಬೇಕಾಯಿತು. ಅಂಥ ಬಡ ವೃದ್ಧರಿಗಾಗಿ 'ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್' ಸನ್ಯಾಸಿನಿಯರು ಆಶ್ರಮ ತೆರೆದದ್ದು 1900ರಲ್ಲಿ. ಅದು ಇರುವುದು ಇದೇ ಹೊಸೂರು ರಸ್ತೆಯ ನಗರದ ತುದಿಯಲ್ಲಿ.

ವೈಟ್‌ಫೀಲ್ಡ್ ಕಥೆ ಇನ್ನೂ ಪಾಠದಂತಿದೆ. 1882ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಜಮೀನು ಕೊಟ್ಟರು. ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರೇ ಊರಿಗಾಯಿತು. ಉದ್ದೇಶ ಬೇಸಾಯ. ನಡುವೆ ದುಂಡಗಿನ ಮೈದಾನ, ಸುತ್ತ ಮನೆಗಳು, ಆಚೆ ಹೊಲ ಎಂಬ ನಕ್ಷೆ ಚೆನ್ನಾಗಿಯೇ ಇತ್ತು. ಆದರೆ ಬೇಸಾಯ ಅಂದುಕೊಂಡಷ್ಟು ಕೈ ಹಿಡಿಯಲಿಲ್ಲ. ಹರೆಯದವರು ಕೆಲಸ ಹುಡುಕಿಕೊಂಡು ಹೊರಟರು, ಕ್ರಮೇಣ ಅದು ವಯಸ್ಸಾದವರ ಊರಾಯಿತು. ರೈಲು ನಿಲ್ದಾಣ ಇದ್ದದ್ದು ಕಾಡುಗೋಡಿ ಬಳಿ, ವಸಾಹತಿನಿಂದ ಒಂದೆರಡು ಮೈಲಿ ಆಚೆ. ಗಟ್ಟಿಮುಟ್ಟಾದವರಿಗೆ ಅದು ದೂರವಲ್ಲ, ಕೋಲು ಹಿಡಿದವರಿಗೆ ದೂರವೇ.

ಸ್ವಾತಂತ್ರ್ಯದ ನಂತರ ಪಿಂಚಣಿಯ ಮನೆ ಕನ್ನಡದ ಮಧ್ಯಮ ವರ್ಗಕ್ಕೂ ಎಟುಕಿತು. 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆಯಾಯಿತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ನೌಕರರು ನಿವೃತ್ತರಾದ ಮೇಲೆ ಕ್ವಾರ್ಟರ್ಸ್ ಬಿಡಲೇಬೇಕಿತ್ತು. ಹಾಗಾಗಿ ಗೃಹ ನಿರ್ಮಾಣ ಸಹಕಾರ ಸಂಘಗಳಲ್ಲಿ, ಮುಂದೆ 1976ರಲ್ಲಿ ಹುಟ್ಟಿದ ಬಿಡಿಎಯಲ್ಲಿ ಸೈಟಿಗೆ ಅರ್ಜಿ ಹಾಕಿ ಕಾಯ್ದರು. ಮೂವತ್ತು–ನಲವತ್ತರ ಸೈಟಿನಲ್ಲಿ ಸಾಲ ಮಾಡಿ ಕಟ್ಟಿದ ಆ ಮನೆ ಮಕ್ಕಳ ಓದು, ಮದುವೆಯನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ತಮ್ಮ ಎಪ್ಪತ್ತೈದನೇ ವಯಸ್ಸಿನ ಮೊಣಕಾಲನ್ನು ಯಾರೂ ನೆನೆಯಲಿಲ್ಲ. ಬಾಡಿಗೆಯ ಆಸೆಗೆ ಮೇಲೊಂದು ಮಹಡಿ ಎದ್ದಿತು. ಎಷ್ಟೋ ಮನೆಗಳಲ್ಲಿ ಕೆಳಗಿನದು ಬಾಡಿಗೆಗೆ ಹೋಗಿ, ಮಾಲೀಕರೇ ಮೆಟ್ಟಿಲು ಹತ್ತುವಂತಾಯಿತು.

ಆದರೂ ಜಯನಗರ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ವಯಸ್ಸಾದವರು ನೆಮ್ಮದಿಯಿಂದ ಬದುಕಿದ್ದು ಹೇಗೆ? ಉತ್ತರ ಮನೆಯ ಹೊರಗಿದೆ. ಪಾರ್ಕು, ಗ್ರಂಥಾಲಯ, ಬ್ಯಾಂಕು, ಅಂಚೆ ಕಚೇರಿ, ದೇವಸ್ಥಾನ, ತರಕಾರಿ ಅಂಗಡಿ ಎಲ್ಲ ಕಾಲ್ನಡಿಗೆಯಲ್ಲಿದ್ದವು. ಬಡಾವಣೆಯೇ ದೊಡ್ಡದೊಂದು ಜಗಲಿಯಾಗಿತ್ತು.

ಚಂದಾಪುರದ ಹುಟ್ಟು ಇದಕ್ಕೆ ತದ್ವಿರುದ್ಧ. 1970ರ ದಶಕದ ಕೊನೆಯಲ್ಲಿ ಆರ್. ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭಿಸಿತು. ಬೊಮ್ಮಸಂದ್ರದಲ್ಲಿ ಕಾರ್ಖಾನೆಗಳು ಬಂದವು. ಚಂದಾಪುರ ಬೆಳೆದದ್ದು ಅಲ್ಲಿ ದುಡಿಯುವವರ ಮಲಗುವ ಊರಾಗಿ, ಆನೇಕಲ್ ರಸ್ತೆಯ ಕೂಡುವೃತ್ತವಾಗಿ. ಗೃಹ ಮಂಡಳಿಯ ಸೂರ್ಯನಗರ ಬಂತು, ಖಾಸಗಿ ಲೇಔಟ್‌ಗಳು ರಾಗಿ ಹೊಲಗಳನ್ನು ತುಂಬಿದವು. 2010ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ಮೇಲ್ಸೇತುವೆ ತೆರೆಯಿತು. ಇದೆಲ್ಲ ಇಪ್ಪತ್ತೈದರ ಹರೆಯದವರಿಗಾಗಿ ಆದ ವ್ಯವಸ್ಥೆ. 1985ರಲ್ಲಿ ಇಪ್ಪತ್ತೈದು ದಾಟಿ ಕೆಲಸಕ್ಕೆ ಸೇರಿದವರಿಗೆ ಈಗ ಅರವತ್ತು ಕಳೆದಿದೆ. ಅವರಲ್ಲದೆ, ಕೆಲಸದಲ್ಲಿರುವ ಮಕ್ಕಳ ಬಳಿ ಇರಲೆಂದು ಹಾಸನ, ಕೋಲಾರ, ರಾಯಚೂರಿನಿಂದ ಬರುವ ಅಪ್ಪ ಅಮ್ಮಂದಿರೂ ಇದ್ದಾರೆ.

ಇನ್ನೊಂದು ವ್ಯತ್ಯಾಸವೂ ಆಗಿದೆ. ಹಿಂದಿನ ಸರ್ಕಾರಿ ನೌಕರರಿಗೆ ಸಾಯುವ ತನಕ ಪಿಂಚಣಿ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ ಬಂತು. ಖಾಸಗಿಯವರಿಗೆ ಮುಖ್ಯ ಆಧಾರ ಪಿಎಫ್ ಹಣ. ಒಂದೇ ಸಲ ಬಂದ ಗಂಟು ಒಂದೇ ಸಲ ಮನೆಗೆ ಹೋದರೆ, ತಪ್ಪು ಆಯ್ಕೆಯನ್ನು ತಿದ್ದಲು ಮತ್ತೆ ದುಡ್ಡು ಇರುವುದಿಲ್ಲ.

ಹಾಗಾದರೆ ಏನು ನೋಡಬೇಕು? ಕಟ್ಟಡ ನಿಯಮಗಳು ಹೇಳುವ ಇಳಿಜಾರು ಒಂದಕ್ಕೆ ಹನ್ನೆರಡು. ಮಳೆನೀರಿಗೆ ಹೆದರಿ ಎರಡು ಅಡಿ ಎತ್ತರಿಸಿದ ಮನೆಗೆ ಗಾಲಿಕುರ್ಚಿ ಹತ್ತಬೇಕಾದರೆ 24 ಅಡಿ ಉದ್ದದ ರ‍್ಯಾಂಪು ಬೇಕು. ಮೂವತ್ತು ಅಡಿ ಅಗಲದ ಸೈಟಿನಲ್ಲಿ ಅದನ್ನು ಆಮೇಲೆ ಸೇರಿಸುವುದು ಸುಲಭವಲ್ಲ. ಬಾಗಿಲು 900 ಮಿಲಿಮೀಟರ್ ಅಗಲವಿರಬೇಕು. ಬಹಳ ಕಡೆ ಬಚ್ಚಲಿನದೇ ಎಲ್ಲಕ್ಕಿಂತ ಕಿರಿದು. ಅಪಾರ್ಟ್‌ಮೆಂಟ್ ಆದರೆ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಯುತ್ತದೆಯೇ, ಕರೆಂಟು ಹೋದಾಗ ಅದು ಓಡುತ್ತದೆಯೇ ಎಂದು ಕೇಳಬೇಕು. 'ಹಿರಿಯರಿಗೆಂದೇ' ಎಂದು ಮಾರುವ ಯೋಜನೆಗಳಿಗೆ ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಎದುರಿಗಿಟ್ಟು ಕರಾರುಪತ್ರ ಓದುವುದು ಒಳ್ಳೆಯದು. ರೇರಾ ನೋಂದಣಿ, ಖಾತೆ, ನಕ್ಷೆ ಮಂಜೂರಾತಿಯ ಕಾಗದಗಳನ್ನು ವಕೀಲರಿಗೆ ತೋರಿಸದೆ ಮುಂಗಡ ಕೊಡಬಾರದು. ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡುವವರು, ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಅದರಲ್ಲೇ ಬರೆಸಬೇಕು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಆಗ ಆಸರೆಗೆ ಬರುತ್ತದೆ.

ಮನೆಯ ಹೊರಗೂ ಅಷ್ಟೇ ನೋಡಬೇಕು. ಬೊಮ್ಮಸಂದ್ರದಲ್ಲಿ ದೊಡ್ಡ ಹೃದಯದ ಆಸ್ಪತ್ರೆಯೇ ಇದೆ, ಚಂದಾಪುರದ ಪಕ್ಕದಲ್ಲೇ ಹೀಲಲಿಗೆ ರೈಲು ನಿಲ್ದಾಣವಿದೆ. ಇವು ನಿಜವಾದ ಅನುಕೂಲಗಳು. ಆದರೆ ಚಂದಾಪುರ ಕೆರೆ ಕಲುಷಿತವಾಗಿ, 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿ ಪರಿಹಾರ ವಿಧಿಸುವ ಆದೇಶ ಮಾಡಿತ್ತು. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರಿಗೆ ಎಷ್ಟು ಎಂದು ಅಕ್ಕಪಕ್ಕದವರನ್ನೇ ವಿಚಾರಿಸಬೇಕು. 2025ರ ಆಗಸ್ಟ್‌ನಲ್ಲಿ ತೆರೆದ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರಕ್ಕೆ ನಿಲ್ಲುತ್ತದೆ. ಚಂದಾಪುರದವರಿಗೆ ಮುಂದಿನ ಕೆಲವು ಕಿಲೋಮೀಟರಿಗೆ ಬಸ್ಸೋ ಆಟೊವೋ ಬೇಕು. ಕಾಡುಗೋಡಿಯ ಸ್ಟೇಷನ್ನಿನ ಕಥೆಯೇ ಇಲ್ಲೂ.

ಹಳ್ಳಿಮನೆಯ ಕೊರತೆಯನ್ನು ಮನೆಮಂದಿ ತುಂಬುತ್ತಿದ್ದರು, ದಂಡಿನ ಕೊರತೆಯನ್ನು ಆಳುಗಳು, ಜಯನಗರದ ಕೊರತೆಯನ್ನು ಬೀದಿ. ಚಂದಾಪುರದಲ್ಲಿ ಮನೆ ನೋಡಲು ಹೋದವರು ಸೇಲ್ಸ್ ಆಫೀಸಿನ ಕಾರಿನಿಂದ ಇಳಿದು, ಗೇಟಿನಿಂದ ಔಷಧಿ ಅಂಗಡಿವರೆಗೆ ಒಮ್ಮೆ ನಡೆಯಲಿ. ಬೆಳಗ್ಗೆ ಒಂಬತ್ತಕ್ಕೆ, ಕಂಪನಿ ಬಸ್ಸುಗಳು ಓಡಾಡುವ ಹೊತ್ತಿನಲ್ಲಿ. ಆ ದಾರಿಯನ್ನು ಇನ್ನು ಇಪ್ಪತ್ತು ವರ್ಷದ ನಂತರ ಯಾರ ಕೈ ಹಿಡಿದು ದಾಟುತ್ತೇವೆ ಎಂಬುದಕ್ಕೆ ಉತ್ತರ ಸಿಕ್ಕಿದ ಮೇಲೆ ಮುಂಗಡದ ಚೆಕ್ಕಿಗೆ ಸಹಿ ಹಾಕಲಿ.