ಹೊಗೆಯ ದಾರಿ, ಜನರ ದಾರಿ

ಕಳಸ, ಮೂಡಿಗೆರೆ ಕಡೆಯ ಹಳೆಯ ಹೆಂಚಿನ ಮನೆಗಳಲ್ಲಿ ಬಚ್ಚಲ ಒಲೆಗೆ ಸೌದೆ ಇಟ್ಟರೆ ಹೊಗೆ ಮೇಲಕ್ಕೇರಿ, ಅಟ್ಟವನ್ನೆಲ್ಲ ಸುತ್ತಿ, ಹೆಂಚಿನ ಸಂದುಗಳಿಂದ ಹೊರಬೀಳುತ್ತದೆ. ಬಿಸಿಯಾದ ಗಾಳಿ ಹಗುರ, ಆದ್ದರಿಂದ ಮೇಲೇರುತ್ತದೆ. ಶಾಲೆಯಲ್ಲಿ ಕಲಿತ ಈ ಪಾಠವೇ ಬಹುಮಹಡಿ ಕಟ್ಟಡಗಳ ಅಗ್ನಿಸುರಕ್ಷತಾ ನಿಯಮಗಳ ಬುಡದಲ್ಲಿದೆ. ಕಾಂಕ್ರೀಟ್ ಕಟ್ಟಡಕ್ಕೆ ಹೆಂಚಿನ ಸಂದುಗಳಿಲ್ಲ. ಅಲ್ಲಿ ಹೊಗೆಗೆ ಸಿಗುವ ದಾರಿಯೆಂದರೆ ಮೆಟ್ಟಿಲು, ಲಿಫ್ಟಿನ ಬಾವಿ, ವಿದ್ಯುತ್ ತಂತಿಗಳು ಹಾದುಹೋಗುವ ಕಂಡಿ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ನಡೆದದ್ದು ಇದೇ. ಏಳು ಮಹಡಿಗಳ ಆ ಕಟ್ಟಡದ ವಿದ್ಯುತ್ ಕಂಡಿಯಲ್ಲಿ ಹೊತ್ತಿದ ಬೆಂಕಿ ದೊಡ್ಡದೇನಲ್ಲ. ಆದರೆ ದಟ್ಟ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರು ಕಟ್ಟಿದವರಲ್ಲಿ ಕೆಲವರು ಕಿಟಕಿಯಿಂದ ಜಿಗಿದರು. ಒಂಬತ್ತು ಜನ ಸತ್ತರು.

ಇದು ಹೊಸ ಅನುಭವವಾಗಿರಲಿಲ್ಲ ಎಂಬುದೇ ನೋವಿನ ಸಂಗತಿ. 1980ರ ನವೆಂಬರ್‌ನಲ್ಲಿ ಅಮೆರಿಕದ ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ ಬೆಂಕಿ ಉರಿದದ್ದು ಕೆಳ ಅಂತಸ್ತಿನಲ್ಲಿ, ಹೆಚ್ಚು ಜನ ಸತ್ತದ್ದು ಅದರಿಂದ ಬಹು ದೂರದ ಮೇಲಿನ ಮಹಡಿಗಳಲ್ಲಿ, ಹೊಗೆಯಿಂದ. ಇನ್ನೂ ಹಿಂದಕ್ಕೆ ಹೋದರೆ 1911ರ ಮಾರ್ಚ್ 25. ನ್ಯೂಯಾರ್ಕಿನ ಟ್ರಯಾಂಗಲ್ ಸಿದ್ಧ ಉಡುಪು ಕಾರ್ಖಾನೆ. ಮೆಟ್ಟಿಲಿನ ಒಂದು ಬಾಗಿಲಿಗೆ ಬೀಗ. ಕಾರ್ಖಾನೆ ಇದ್ದದ್ದು ಎಂಟು, ಒಂಬತ್ತು, ಹತ್ತನೆಯ ಮಹಡಿಗಳಲ್ಲಿ. ಅಗ್ನಿಶಾಮಕ ದಳದ ಏಣಿ ಮುಟ್ಟಿದ್ದು ಆರನೆಯದನ್ನು ಮಾತ್ರ. ಸತ್ತವರು 146 ಮಂದಿ, ಬಹುಪಾಲು ಎಳೆಯ ಹೆಣ್ಣುಮಕ್ಕಳು.

ಏಣಿ ಮುಟ್ಟದ ಎತ್ತರದಲ್ಲಿ ಕಟ್ಟಡವೇ ತನ್ನೊಳಗಿನ ಜನರನ್ನು ಕಾಪಾಡಬೇಕು. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದದ್ದು 1970ರಲ್ಲಿ. 1983, 2005 ಮತ್ತು 2016ರಲ್ಲಿ ಪರಿಷ್ಕರಣೆಯಾಯಿತು. ಅದರ ನಾಲ್ಕನೆಯ ಭಾಗವೇ ಅಗ್ನಿಸುರಕ್ಷತೆ. 15 ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟದ್ದು ಅದರ ಲೆಕ್ಕದಲ್ಲಿ ಎತ್ತರದ ಕಟ್ಟಡ. ಹೊಗೆ ನುಗ್ಗದ ಮೆಟ್ಟಿಲುಗಳು ಬೇಕು. ಪಾರಾಗುವ ಬಾಗಿಲು ಜನ ಓಡುವ ದಿಕ್ಕಿಗೇ ತೆರೆದುಕೊಳ್ಳಬೇಕು. ತಂತಿಯ ಕಂಡಿಯನ್ನು ಪ್ರತಿ ಮಹಡಿಯ ಮಟ್ಟದಲ್ಲೂ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕು. ಈ ಕೊನೆಯದು ಕಡಿಮೆ ಖರ್ಚಿನ ಕೆಲಸ. ಹೊಸ ತಂತಿ ಎಳೆಯಲು ಬಂದವರು ಅದನ್ನು ಒಡೆದು, ಮುಚ್ಚದೆ ಹೋಗುವುದೂ ಅಷ್ಟೇ ಸುಲಭ. ನಕ್ಷೆಗೆ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ಕಟ್ಟಡ ಎಂದೆಂದಿಗೂ ಸುರಕ್ಷಿತವಲ್ಲ. ಸಂಹಿತೆ ತನ್ನಷ್ಟಕ್ಕೆ ಶಿಫಾರಸು ಮಾತ್ರ; ರಾಜ್ಯಗಳು, ನಗರಸಭೆಗಳು ತಮ್ಮ ನಿಯಮಗಳಲ್ಲಿ ಸೇರಿಸಿಕೊಂಡಾಗಲೇ ಅದಕ್ಕೆ ಹಲ್ಲು ಬರುವುದು. ಕರ್ನಾಟಕದ ಅಗ್ನಿಶಾಮಕ ದಳದ ಕಾಯಿದೆ 1964ರದು.

ಟೆಲಿವಿಷನ್ ಕೆಲಸದವರಿಗೆ ಇಲ್ಲಿ ಮೈಸೂರು ನೆನಪಾಗದೆ ಇರದು. 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಹತ್ತಿ 62 ಮಂದಿ ಸತ್ತರು. ಅದು ಎತ್ತರದ ಕಟ್ಟಡವೇ ಅಲ್ಲ. ಎತ್ತರ ಅಪಾಯವನ್ನು ಹೆಚ್ಚಿಸುತ್ತದೆ, ಹುಟ್ಟಿಸುವುದಿಲ್ಲ.

ಕಾರ್ಲ್‌ಟನ್‌ನಲ್ಲಿ ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಇತರರೊಡನೆ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿ, ನಿಯಮಗಳ ಪಾಲನೆಗಾಗಿ ಸರ್ಕಾರದ ಬೆನ್ನು ಹತ್ತಿದರು. ನಮ್ಮ ಮಲೆನಾಡಿನ ಮಕ್ಕಳು ಓದಿಗೆ, ಕೆಲಸಕ್ಕೆ ಬೆಂಗಳೂರಿನ ಇಂಥ ಕಟ್ಟಡಗಳಿಗೇ ಹೋಗುತ್ತಾರೆ. ನೀವು ಹೋದಾಗ ಮೆಟ್ಟಿಲ ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಅದಕ್ಕೆ ಬೀಗ ಇದೆಯೇ ಎಂದು ಒಮ್ಮೆ ನೋಡಿ ಬನ್ನಿ.