ಬೆಳ್ಳಂದೂರು ಕೆರೆ: ನೀರು ಕೆಟ್ಟದ್ದು ದಡದಲ್ಲಲ್ಲ, ನಗರದೊಳಗೆ

ಬೆಂಗಳೂರು: ರಾಜಧಾನಿಯ ಕೆರೆಗಳ ಪೈಕಿ ಅತಿ ದೊಡ್ಡದಾದ ಬೆಳ್ಳಂದೂರು ಅಮಾನಿಕೆರೆ ವಿಶ್ವದ ಗಮನ ಸೆಳೆದದ್ದು ನೊರೆ ಮತ್ತು ಬೆಂಕಿಯ ಕಾರಣದಿಂದ. 2015ರ ಮೇ ತಿಂಗಳಲ್ಲಿ ಕೆರೆಯ ನೊರೆಗೆ ಬೆಂಕಿ ತಗುಲಿತು. 2017ರ ಫೆಬ್ರುವರಿಯಲ್ಲಿ ಮತ್ತೆ ದಟ್ಟ ಹೊಗೆ ಎದ್ದಿತು. 2018ರ ಜನವರಿ 19ರಂದು ಕೆರೆಯಂಗಳದ ಒಣಹುಲ್ಲಿಗೆ ಹತ್ತಿದ ಬೆಂಕಿಯನ್ನು ನಂದಿಸಲು ಸುಮಾರು 5,000 ಯೋಧರು ಶ್ರಮಿಸಬೇಕಾಯಿತು. ಯಮಲೂರು ಕೋಡಿಯಿಂದ ಎದ್ದ ನೊರೆ ಗಾಳಿಗೆ ಹಾರಿ ದ್ವಿಚಕ್ರ ವಾಹನ ಸವಾರರ ಮುಖಕ್ಕೆ ರಾಚುತ್ತಿದ್ದುದೂ ಅದೇ ವರ್ಷಗಳಲ್ಲಿ. ಆದರೆ ಇವೆಲ್ಲ ರೋಗದ ಲಕ್ಷಣಗಳು ಮಾತ್ರ. ರೋಗದ ಮೂಲ ಕೆರೆಯ ದಡದಲ್ಲಿಲ್ಲ, ಹತ್ತು-ಹನ್ನೆರಡು ಕಿ.ಮೀ. ಮೇಲ್ಗಡೆ, ನಗರ ತನ್ನ ನೆಲವನ್ನು ಬಳಸಿಕೊಂಡ ಬಗೆಯಲ್ಲಿದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಈ ಎರಡನೆಯ ಕಣಿವೆಯ ತಳದಲ್ಲಿರುವ ಬೆಳ್ಳಂದೂರು ಕೆರೆಯ ವಿಸ್ತೀರ್ಣ ಸುಮಾರು 900 ಎಕರೆ. ಅದರ ಜಲಾನಯನ ಪ್ರದೇಶ ಸುಮಾರು 148 ಚದರ ಕಿ.ಮೀ. ಕೆರೆ ಕೋಡಿ ಬಿದ್ದರೆ ನೀರು ವರ್ತೂರು ಕೆರೆಗೆ, ಅಲ್ಲಿಂದ ನದಿಗೆ.

ಕಣಿವೆಯ ಉದ್ದಕ್ಕೂ ಹಿಂದಿನವರು ಕೆರೆಗಳ ಸರಪಳಿಯನ್ನೇ ಕಟ್ಟಿದ್ದರು. ಮೇಲಿನ ಕೆರೆಯಲ್ಲಿ ಹೂಳು ತಂಗಿ, ತಿಳಿಯಾದ ನೀರು ಕೋಡಿ ದಾಟಿ ಕೆಳಗಿನ ಕೆರೆಗೆ ಇಳಿಯುತ್ತಿತ್ತು. ನೀರುಗಂಟಿ ತೂಬು ಎತ್ತಿದರೆ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು. ಈ ಸರಪಳಿಯ ಕೊಂಡಿಗಳು ಒಂದೊಂದಾಗಿ ಕಳಚಿದವು. ಸಂಪಂಗಿ ಕೆರೆಯ ಅಂಗಳದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಶೂಲೆ ಕೆರೆ ಫುಟ್‌ಬಾಲ್ ಕ್ರೀಡಾಂಗಣವಾಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು, ಕೋರಮಂಗಲ ಕೆರೆಯ ಜಾಗದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ ತಲೆಯೆತ್ತಿತು. ಕೆರೆಗಳಿಗೂ ಕ್ರೀಡೆಗೂ ಈ ನಗರದಲ್ಲಿ ಅದೇನು ನಂಟೋ! ಹೋದದ್ದು ಬರೀ ನೀರಿನ ಸಂಗ್ರಹವಲ್ಲ, ಸೋಸುವ ವ್ಯವಸ್ಥೆ. ಮೊದಲು ನಾಲ್ಕಾರು ಕಡೆ ನಿಂತು ಬರುತ್ತಿದ್ದ ನೀರು ಈಗ ಕಾಂಕ್ರೀಟ್ ಗೋಡೆಯ ರಾಜಕಾಲುವೆಯಲ್ಲಿ ನೇರವಾಗಿ ಧುಮ್ಮಿಕ್ಕುತ್ತದೆ.

ನೆಲದ ಮೇಲ್ಮೈಯೂ ಬದಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳ ಆಧಾರದಿಂದ ನಡೆಸಿದ ಅಧ್ಯಯನದಂತೆ, 1973ರ ನಂತರದ ನಾಲ್ಕು ದಶಕಗಳಲ್ಲಿ ಬೆಂಗಳೂರಿನ ಕಟ್ಟಡ-ರಸ್ತೆಗಳ ಹರವು ಸುಮಾರು ಹತ್ತು ಪಟ್ಟು ಹೆಚ್ಚಿದೆ. ಜಲಮೂಲಗಳ ವಿಸ್ತೀರ್ಣ ಶೇ. 79ರಷ್ಟು ಕುಗ್ಗಿದೆ. ಮಣ್ಣು ಹೀರಬೇಕಿದ್ದ ಮಳೆನೀರು ಡಾಂಬರಿನ ಮೇಲೆ ಜಾರುತ್ತದೆ. ಬೇಸಿಗೆಯ ನಂತರದ ಮೊದಲ ಮಳೆಯಂತೂ ರಸ್ತೆಗಳಲ್ಲಿ ತಿಂಗಳುಗಟ್ಟಲೆ ಕೂಡಿದ ಎಣ್ಣೆಯ ಜಿಡ್ಡು, ಟೈರು ಸವೆದ ಪುಡಿಯಲ್ಲಿನ ಸತು, ಬ್ರೇಕ್ ಪಟ್ಟಿಯ ತಾಮ್ರ, ಕಟ್ಟಡದ ಮರಳು-ಮಣ್ಣು ಎಲ್ಲವನ್ನೂ ಒಮ್ಮೆಗೇ ತೊಳೆದು ತರುತ್ತದೆ. ಕೆರೆಯ ನೀರು ಹರಿದ ಗದ್ದೆಗಳ ಮಣ್ಣಿನಲ್ಲೂ ಬೆಳೆಗಳಲ್ಲೂ ಭಾರಲೋಹಗಳು ಸೇರಿರುವುದನ್ನು 2006ರಲ್ಲೇ ‘ಕರೆಂಟ್ ಸೈನ್ಸ್’ ಪತ್ರಿಕೆಯ ಲೇಖನವೊಂದು ದಾಖಲಿಸಿತ್ತು.

ಕಾವೇರಿಯ ಪಾತ್ರ: ಮಳೆನೀರಿಗಿಂತ ದೊಡ್ಡ ಹೊರೆ ಕೊಳಚೆಯದು. ಇದರ ಹಿಂದಿನ ಕತೆ ಸ್ವಾರಸ್ಯಕರವಾಗಿದೆ. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ನಗರಕ್ಕೆ ಬಂತು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಬಾರಿ ಪಂಪ್ ಮಾಡಿ, ಸುಮಾರು 100 ಕಿ.ಮೀ. ದೂರದಿಂದ ತಂದ ನೀರದು. ಮನೆಗೆ ಬಂದ ನೀರಿನ ಬಹುಪಾಲು ಬಚ್ಚಲಿನಿಂದಲೂ ಅಡುಗೆಮನೆಯಿಂದಲೂ ಕೊಳಚೆಯಾಗಿ ಹೊರಬೀಳುತ್ತದೆ. ಹೀಗೆ ಕಾವೇರಿಯ ನೀರು ದಿಣ್ಣೆ ಹತ್ತಿ, ನಲ್ಲಿಯಲ್ಲಿ ಇಳಿದು, ದಕ್ಷಿಣ ಪಿನಾಕಿನಿಯ ಕಣಿವೆಗೆ ಹರಿಯತೊಡಗಿತು. ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ತಗ್ಗುತ್ತಿದ್ದ ಬೆಳ್ಳಂದೂರು ಕೆರೆ ವರ್ಷವಿಡೀ ತುಂಬಿರುವ ಕೊಳಚೆಗುಂಡಿಯಾದದ್ದು ಹೀಗೆ. ನಲ್ಲಿಯ ಜತೆಗೇ ಒಳಚರಂಡಿಯೂ ಸಂಸ್ಕರಣಾ ಘಟಕಗಳೂ ಬೆಳೆದಿದ್ದರೆ ಮಾತು ಬೇರೆಯಿತ್ತು. ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಗಳ ಆಸುಪಾಸಿನಲ್ಲಿ ತಂತ್ರಾಂಶ ಕಚೇರಿಗಳೂ ವಸತಿ ಸಮುಚ್ಚಯಗಳೂ ಮೊದಲು ಬಂದವು, ಕೊಳವೆಗಳು ಆಮೇಲೆ ಬಂದವು.

ಕೊಳಚೆಯಲ್ಲಿನ ಸಾರಜನಕ ಮತ್ತು ರಂಜಕ ನೀರಿನ ಗಿಡಗಳಿಗೆ ಗೊಬ್ಬರವಿದ್ದಂತೆ. ಪಾಚಿ, ಜೊಂಡು, ನೀರಿನ ಮೇಲೆ ತೇಲುವ ಕಳೆ ಹಬ್ಬಿ ಬೆಳಕನ್ನು ತಡೆಯುತ್ತವೆ. ಸತ್ತ ಸಸ್ಯ ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತದೆ. ತಳದ ಕಪ್ಪು ಹೂಳಿನಲ್ಲಿ ಗಾಳಿಯಿಲ್ಲದೆ ಕೊಳೆತದ್ದು ಮೀಥೇನ್ ಅನಿಲವನ್ನು ಬಿಡುತ್ತದೆ. ಬಟ್ಟೆ ತೊಳೆಯುವ ಪುಡಿಯ ಅಂಶ ಕೋಡಿಯಲ್ಲಿ ರಭಸದಿಂದ ಬೀಳುವಾಗ ಗಾಳಿಯೊಡನೆ ಕಲೆತು ನೊರೆಯಾಗುತ್ತದೆ. ಜೋರು ಮಳೆ ತಳದ ಹೂಳನ್ನು ಕಲಕಿದಾಗ ಅದರಲ್ಲಿ ವರ್ಷಗಳಿಂದ ಅಡಗಿದ್ದದ್ದೂ ಮೇಲೇಳುತ್ತದೆ. ಮಳೆ ಬಂದರೆ ಕೆರೆ ಶುಚಿಯಾಗುವುದರ ಬದಲು ನೊರೆ ಹೆಚ್ಚುತ್ತಿದ್ದುದು ಇದೇ ಕಾರಣಕ್ಕೆ.

ನ್ಯಾಯಾಲಯಗಳ ಚರ್ಚೆ ಬಹುಮಟ್ಟಿಗೆ ದಡದ ಸುತ್ತಲೇ ನಡೆಯಿತು. ನಗರದ ಮಹಾಯೋಜನೆ ಕೆರೆಗಳ ಸುತ್ತ 30 ಮೀಟರ್ ಮೀಸಲು ವಲಯ ನಿಗದಿ ಮಾಡಿತ್ತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 75 ಮೀಟರ್‌ಗೆ ಏರಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಒತ್ತುವರಿ ತಡೆಗೆ ಈ ವಲಯ ಬೇಕೇಬೇಕು. ಆದರೆ ಹುಲ್ಲಿನ ಪಟ್ಟಿ ಸೋಸಬಲ್ಲದ್ದು ತನ್ನ ಮೇಲೆ ಹರಿದು ಬಂದ ನೀರನ್ನು ಮಾತ್ರ. ಅದರ ನಡುವೆಯೇ ಸಾಗುವ ರಾಜಕಾಲುವೆಯ ಕೊಳಚೆಗೆ 30 ಆದರೇನು, 75 ಆದರೇನು? 2018ರ ಡಿಸೆಂಬರ್‌ನಲ್ಲಿ ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು. ಬಳಿಕ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಒಳಹರಿವನ್ನು ಬದಿ ಕಾಲುವೆಗೆ ತಿರುಗಿಸಿ, ಕೆರೆ ಬರಿದು ಮಾಡಿ ಹೂಳೆತ್ತುವ ಕಾಮಗಾರಿ ಕೈಗೊಂಡಿತು. ತಿರುಗಿಸಿದ ಕೊಳಚೆ ಮಾಯವಾಗುವುದಿಲ್ಲ, ಕೆಳಗಿನವರ ಪಾಲಾಗುತ್ತದೆ ಎಂಬುದು ಇಲ್ಲಿ ಗಮನಾರ್ಹ.

ಬೇರೆ ದಾರಿಯೊಂದು ನಗರದಲ್ಲೇ ಇದೆ. ಹೆಬ್ಬಾಳ ಕಣಿವೆಯ ಜಕ್ಕೂರು ಕೆರೆಗೆ ಸಂಸ್ಕರಣಾ ಘಟಕದ ನೀರು ನೇರವಾಗಿ ಬೀಳುವುದಿಲ್ಲ. ಜೊಂಡು ಬೆಳೆಸಿದ ತೇವಭೂಮಿಯನ್ನು ಹಾದು, ಉಳಿದ ಪೋಷಕಾಂಶಗಳನ್ನು ಗಿಡಗಳಿಗೆ ಬಿಟ್ಟು, ನಂತರ ಕೆರೆ ಸೇರುತ್ತದೆ. ಇದಕ್ಕೆ ಬೇಕಾದದ್ದು ಕೆರೆಯ ಮೇಲ್ಗಡೆ ಒಂದಿಷ್ಟು ಖಾಲಿ ನೆಲ. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ದುಬಾರಿಯಾಗಿರುವುದು ಅದೇ.

ಈ ಲೆಕ್ಕದ ಬಿಸಿ ಕೋಲಾರಕ್ಕೂ ತಟ್ಟಿದೆ. ಇದೇ ಕಣಿವೆಯ ಘಟಕಗಳಲ್ಲಿ ಎರಡನೇ ಹಂತದವರೆಗೆ ಸಂಸ್ಕರಿಸಿದ ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು ಬರಪೀಡಿತ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ 2018ರ ಜೂನ್‌ನಲ್ಲಿ ಆರಂಭವಾಯಿತು. ಮರುತಿಂಗಳೇ ನೀರಿನ ಗುಣಮಟ್ಟದ ಪ್ರಶ್ನೆ ಎದ್ದು ಹೈಕೋರ್ಟ್ ತಡೆ ನೀಡಿತ್ತು. ಕಾನೂನು ಹೋರಾಟದ ನಂತರ ನೀರು ಮತ್ತೆ ಹರಿಯಿತು. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಂಡ ರೈತರು ಹರ್ಷಿಸಿದರೆ, ಮೂರನೇ ಹಂತದ ಸಂಸ್ಕರಣೆಯಿಲ್ಲದೆ ಈ ನೀರನ್ನು ಅಂತರ್ಜಲಕ್ಕೆ ಇಂಗಿಸಬಾರದು ಎಂದು ಪಟ್ಟು ಹಿಡಿದ ಹೋರಾಟಗಾರರೂ ಅದೇ ಜಿಲ್ಲೆಯವರು.